ಜೋಪಾನವಾಗಿಟ್ಟ ಹಳೆಯ ಕಾರ್ವೆಟ್: ಯಾವ ಕಾಲದ್ದು ಯಾರಿಗೆ ಸರಿ?

ವಸಂತ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗ ಓದುಗರಿಂದ ಒಂದೇ ಜಾತಿಯ ಪತ್ರಗಳು ಬರಲು ಶುರುವಾಗುತ್ತವೆ. ಮನೆಯ ಸಾಲ ತೀರಿದೆ, ಮಕ್ಕಳು ಕಾಲೇಜಿಗೆ ಹೋಗಿದ್ದಾರೆ, ಗ್ಯಾರೇಜಿನಲ್ಲಿ ಒಂದು ಕಾರಿನ ಜಾಗ ಖಾಲಿ ಬಿದ್ದಿದೆ. ಪಕ್ಕದ ಊರಿನಲ್ಲಿ ಹಳೆಯ ಶೆವ್ರೊಲೆ ಕಾರ್ವೆಟ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ, ಬಹಳ ಜೋಪಾನವಾಗಿ ಇಟ್ಟ ಕಾರು ಎಂದು ಜಾಹೀರಾತು ಹೇಳುತ್ತಿದೆ, ಕೊಳ್ಳಲೇ? ಪತ್ರದ ಕೊನೆಗೆ ಇನ್ನೂ ಎರಡು ಮೂರು ಜಾಹೀರಾತುಗಳು ಲಗತ್ತಾಗಿರುತ್ತವೆ. 1964ರದೊಂದು, 1972ರದೊಂದು, 1981ರದೊಂದು. ಬೆಲೆಗಳಿಗೆ ಒಂದಕ್ಕೊಂದು ತಾಳಮೇಳವಿಲ್ಲ. ಹೆಸರು ಮಾತ್ರ ಎಲ್ಲಕ್ಕೂ ಕಾರ್ವೆಟ್.

1953ರ ಜೂನ್ 30ರಂದು ಮಿಶಿಗನ್‌ನ ಫ್ಲಿಂಟ್‌ನಲ್ಲಿ ಮೊದಲ ಕಾರು ಹೊರಬಂದ ಮೇಲೆ ಈ ಹೆಸರಿನಲ್ಲಿ ಎಂಟು ತಲೆಮಾರಿನ ಕಾರುಗಳು ಬಂದಿವೆ. ಹಳೆಯ ಕಾರಿನ ಸಂತೆಯಲ್ಲಿ ನಾವು ಅಳೆದು ಸುರಿದು ನೋಡಬೇಕಾದವು ಮೊದಲ ನಾಲ್ಕು. 1953ರಿಂದ 62, 1963ರಿಂದ 67, 1968ರಿಂದ 82, 1984ರಿಂದ 96. ಮೂರನೆಯದು ಹದಿನೈದು ವರ್ಷ ಎಳೆದಿದ್ದರಿಂದ ಅದನ್ನು ನಾನು ಎರಡಾಗಿ ಒಡೆದು ನೋಡುತ್ತೇನೆ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕಿಂತ ಸ್ಥಿತಿ ದೊಡ್ಡದು. ನಿಮ್ಮ ಹಣಕ್ಕೆ ಹೆಸರಾಂತ ವರ್ಷದ ಬಳಲಿದ ಕಾರು ಮಾತ್ರ ಸಿಗುವಂತಿದ್ದರೆ, ಅದರ ಆಸೆ ಬಿಟ್ಟು ಒಂದು ಮೆಟ್ಟಿಲು ಕೆಳಗಿಳಿದು ಅಲ್ಲಿನ ಅತ್ಯುತ್ತಮ ಕಾರನ್ನು ಕೊಳ್ಳಿ.

ಯಾವುದನ್ನು ಅಳೆಯಬೇಕು

ಮೊದಲನೆಯದು ಬಳಕೆ. ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿಬರುವುದಕ್ಕೋ, ಹೆಂಡತಿಯನ್ನು ಕೂರಿಸಿಕೊಂಡು ಎರಡು ರಾಜ್ಯ ದಾಟುವುದಕ್ಕೋ, ಪ್ರದರ್ಶನದಲ್ಲಿ ನಿಲ್ಲಿಸಿ ಪದಕ ಗೆಲ್ಲುವುದಕ್ಕೋ, ಇಲ್ಲ ಹಣ ಹೂಡುವುದಕ್ಕೋ? ನಾಲ್ಕಕ್ಕೂ ಸಲ್ಲುವ ಕಾರು ಒಂದಿಲ್ಲ. ಹಣ ಹೂಡುತ್ತೇನೆ ಎನ್ನುವವರಿಗೆ ನಾನು ಸಾಮಾನ್ಯವಾಗಿ ಮ್ಯೂಚುವಲ್ ಫಂಡ್ ತೋರಿಸುತ್ತೇನೆ. ಅದಕ್ಕೆ ಗ್ಯಾರೇಜು ಬೇಕಾಗಿಲ್ಲ.

ಎರಡನೆಯದು ಒಟ್ಟು ಖರ್ಚು. ಕೊಟ್ಟ ಬೆಲೆಯ ಐದನೇ ಒಂದು ಪಾಲನ್ನಾದರೂ ಮೊದಲ ವರ್ಷದ ಕೆಲಸಕ್ಕೆ ಬದಿಗಿಡಿ. ಜೋಪಾನವಾಗಿ ನಿಲ್ಲಿಸಿದ ಕಾರಿಗೇ ಈ ಖರ್ಚು ಹೆಚ್ಚು, ಏಕೆಂದರೆ ಓಡದ ಕಾರಿನ ರಬ್ಬರ್, ಬ್ರೇಕ್, ಇಂಧನದ ಕೊಳವೆಗಳು ನಿಂತಲ್ಲೇ ಕೆಡುತ್ತವೆ. ಟೈರಿನ ಗೀರು ಹೊಸದರಂತೆ ಕಂಡರೆ ಮರುಳಾಗಬೇಡಿ. ಪಕ್ಕದ ಗೋಡೆಯಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 2309 ಎಂದಿದ್ದರೆ ಅದು 2009ರ ಟೈರು, ಹೆದ್ದಾರಿಗೆ ಅಪಾಯ.

ಮೂರನೆಯದು ಒಳಗಿನ ಉಕ್ಕು, ನಾಲ್ಕನೆಯದು ಕಾಗದಪತ್ರ ಮತ್ತು ಒತ್ತಿದ ಅಂಕಿಗಳು. ಈ ಎರಡಕ್ಕೂ ಬಿಡುವು ಮಾಡಿಕೊಂಡು ಬರುತ್ತೇನೆ. ಐದನೆಯದು ನಿಮ್ಮದೇ ದೇಹ. ಮಂಡಿನೋವು ಇರುವವರು, ಆರಡಿ ಮೀರಿದವರು ಕುಳಿತು ನೋಡದೆ ಮುಂಗಡ ಕೊಡಬಾರದು. ಆರನೆಯದು ನೀವಿರುವ ರಾಜ್ಯದ ಕಾನೂನು. ಉದಾಹರಣೆಗೆ ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ಪರೀಕ್ಷೆಯಿಂದ ವಿನಾಯಿತಿ ಇದೆ, 1976ರಿಂದ ಈಚೆಗಿನವಕ್ಕೆ ಇಲ್ಲ. ಬೇ ಏರಿಯಾದಲ್ಲಿ ಕುಳಿತು 1979ರ ಕಾರಿಗೆ ಆಸೆಪಡುವವರು, ಹಿಂದಿನ ಮಾಲೀಕ ಹೊಗೆ ನಿಯಂತ್ರಣದ ಸಾಮಾನುಗಳನ್ನು ಕಿತ್ತೆಸೆದಿದ್ದಾನೆಯೇ ಎಂದು ಮೊದಲು ಕೇಳಬೇಕು.

ಅಸಲು, ನವೀಕರಿಸಿದ್ದು, ಮಾರ್ಪಡಿಸಿದ್ದು

ಜಾಹೀರಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಹೊಗಳಿಕೆಯಿಂದ ಮುಚ್ಚುತ್ತಾರೆ.

ಕಾರ್ಖಾನೆಯ ಬಣ್ಣ, ಕಾರ್ಖಾನೆಯ ಸೀಟು, ಕಾರ್ಖಾನೆಯ ಎಂಜಿನ್ ಇನ್ನೂ ಇರುವ ಕಾರು ಅಪರೂಪ. ಬಣ್ಣ ಅಲ್ಲಲ್ಲಿ ಸವೆದಿರುತ್ತದೆ, ಬಾನೆಟ್ಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕುಗಳಿರುತ್ತವೆ. ಇಂಥ ಕಾರುಗಳನ್ನು ಗುರುತಿಸಿ ಗೌರವಿಸುವ ಬ್ಲೂಮಿಂಗ್ಟನ್ ಗೋಲ್ಡ್‌ನಂಥ ಪ್ರದರ್ಶನಗಳಿವೆ. ತೊಡಕೆಂದರೆ, ನೀವು ಅದರ ಮಾಲೀಕರಾಗುವುದಕ್ಕಿಂತ ಹೆಚ್ಚಾಗಿ ಕಾವಲುಗಾರರಾಗುತ್ತೀರಿ. ಹೊಸ ಬಣ್ಣ ಹೊಡೆಸಿದ ದಿನವೇ ಅದರ ವಿಶೇಷ ಮುಗಿಯಿತು. ಮಳೆಯಲ್ಲಿ ಓಡಿಸಲು ಮನಸ್ಸು ಬರುವುದಿಲ್ಲ, ಮಾಲಿನ ಪಾರ್ಕಿಂಗ್‌ನಲ್ಲಿ ಬಿಟ್ಟು ಹೋಗಲು ಧೈರ್ಯ ಸಾಲುವುದಿಲ್ಲ.

ನವೀಕರಿಸಿದ ಕಾರು ನೋಡಲು ಮಿಂಚುತ್ತದೆ. ಯಾರು, ಯಾವಾಗ, ಎಷ್ಟು ಬಿಚ್ಚಿ ಮಾಡಿದರು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಚಾಸಿಯಿಂದ ದೇಹವನ್ನು ಎತ್ತಿ ಮಾಡಿದ ಕೆಲಸದ ಫೋಟೊಗಳಿದ್ದರೆ, 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯ ತೀರ್ಪುಗಾರರು ಕೊಟ್ಟ ಟಾಪ್ ಫ್ಲೈಟ್ ಎಂಬ ಮೇಲ್ದರ್ಜೆಯ ಪ್ರಮಾಣಪತ್ರವಿದ್ದರೆ, ಕೇಳಿದ ಬೆಲೆಗೆ ಆಧಾರವಿದೆ ಎಂದು ಒಪ್ಪಬಹುದು. ಹೊಸ ಬಣ್ಣ ಮಾತ್ರ ಇದ್ದು ಫೋಟೊ, ರಸೀದಿ ಯಾವುದೂ ಇಲ್ಲದಿದ್ದರೆ ಮೇಲೆ ಥಳುಕು, ಒಳಗೆ ಹುಳುಕು ಎಂಬ ಅನುಮಾನದಿಂದಲೇ ಶುರುಮಾಡಿ.

ಮಾರ್ಪಡಿಸಿದ ಕಾರುಗಳನ್ನು ಮಡಿವಂತರು ಮೂಗು ಮುರಿದು ನೋಡುತ್ತಾರೆ. ನನಗೆ ಆ ಮಡಿ ಇಲ್ಲ. ಮೂಲ ಎಂಜಿನ್ ಎಂದೋ ಕಳೆದುಹೋದ 1969ರ ಕಾರಿಗೆ ಹೊಸ ಕಾಲದ ಎಂಜಿನ್, ಒಳ್ಳೆಯ ಎಸಿ, ಐದು ಗೇರು ಹಾಕಿಸಿದ್ದರೆ ಓಡಿಸುವವನಿಗೆ ಅದು ಸುಖವೇ. ಮತ್ತೆ ಮಾರುವಾಗ ಕೊಳ್ಳುವವರು ಕಡಿಮೆ, ಬಿಡಿಭಾಗ ಯಾವ ಕಾರಿನದೆಂದು ಮೆಕ್ಯಾನಿಕ್‌ಗೂ ತಿಳಿಯುವುದಿಲ್ಲ. ಇಷ್ಟಕ್ಕೆ ಒಪ್ಪಿಗೆಯಿದ್ದವರು ಕೊಳ್ಳಲಿ.

ಫೈಬರ್ ದೇಹದ ಒಳಗೆ ತುಕ್ಕು

ಕಾರ್ವೆಟ್ಟಿನ ಹೊರಮೈ ಫೈಬರ್‌ಗ್ಲಾಸ್. ಹಾಗಾಗಿ ತುಕ್ಕಿನ ಭಯವಿಲ್ಲ ಎಂದು ಮಾರುವವರು ಧೈರ್ಯ ಹೇಳುತ್ತಾರೆ. ಮೈಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಮೈಯನ್ನು ಹೊತ್ತು ನಿಂತ ಅಸ್ಥಿಪಂಜರ ಉಕ್ಕಿನದು. 1963ರಿಂದ 82ರವರೆಗಿನ ಕಾರುಗಳಲ್ಲಿ ಮುಂದಿನ ಗಾಜಿನ ಚೌಕಟ್ಟು, ಬಾಗಿಲಿನ ಕಂಬಗಳು, ಸೀಟಿನ ಹಿಂದಿನ ಭಾಗ ಸೇರಿ ಒಂದು ಉಕ್ಕಿನ ಪಂಜರವಾಗಿರುತ್ತದೆ. ಅಮೆರಿಕನ್ನರು ಅದನ್ನು ಬರ್ಡ್‌ಕೇಜ್ ಎನ್ನುತ್ತಾರೆ. ಅದರ ಕೆಳಗೆ ಏಣಿಯಾಕಾರದ ಉಕ್ಕಿನ ಚಾಸಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ಓಹಾಯೊ, ನ್ಯೂಯಾರ್ಕ್ ಕಡೆಯ ಕಾರುಗಳಲ್ಲಿ ಇವು ಸದ್ದಿಲ್ಲದೆ ಕೊಳೆಯುತ್ತವೆ. ಗೆದ್ದಲು ತಿಂದ ತೊಲೆಯ ಮನೆಗೆ ಸುಣ್ಣ ಬಳಿದಂತೆ ಹೊರಗಿನ ಹೊಳಪು ಹಾಗೇ ಇರುತ್ತದೆ.

ನೋಡುವ ಕ್ರಮ ಹೀಗೆ. ಚಾಲಕನ ಎಡಪಾದದ ಪಕ್ಕದಲ್ಲಿರುವ ಪ್ಲಾಸ್ಟಿಕ್ ಹಲಗೆಯ ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು ಬಾಗಿಲಿನ ಕೀಲು ನಿಂತಿರುವ ಕಂಬದ ಬುಡಕ್ಕೆ ಬೆಳಕು ಬಿಡಿ. ಮೇಲ್ಮೈಯಲ್ಲಿ ಕಂದು ಬಣ್ಣ ಹಿಡಿದಿದ್ದರೆ ಗಾಬರಿಯಾಗಬೇಕಿಲ್ಲ. ಬುಡದಲ್ಲಿ ಪದರ ಪದರವಾಗಿ ಎದ್ದ ಚಕ್ಕೆಗಳ ಗುಡ್ಡೆ ಬಿದ್ದಿದ್ದರೆ ಆ ಕಂಬ ಮೇಲಿನಿಂದ ಕರಗಿ ಇಳಿಯುತ್ತಿದೆ ಎಂದರ್ಥ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಕೊಳೆತದ್ದು ದೊಪ್ ಎನ್ನುತ್ತದೆ. ಬಲಗಡೆಯೂ ಅದೇ ಕೆಲಸ. ಆಮೇಲೆ ಮುಂದಿನ ಗಾಜಿನ ಕೆಳಮೂಲೆಗಳು. ಅಲ್ಲಿ ಸೋರಿದ ನೀರು ಕಾಲಕೆಳಗಿನ ಕಾರ್ಪೆಟ್ಟಿಗೆ ಇಳಿದಿರುತ್ತದೆ, ಕೈಹಾಕಿ ಮೂಸಿ ನೋಡಿದರೂ ತಿಳಿಯುತ್ತದೆ. ಕೊನೆಯದಾಗಿ ಕಾರನ್ನು ಎತ್ತಿಸಿ, ಹಿಂದಿನ ಚಕ್ರಗಳ ಮುಂದೆ ಚಾಸಿ ಮೇಲಕ್ಕೆ ಬಾಗುವ ಜಾಗವನ್ನು ನೋಡಿ. ಮಣ್ಣು, ಉಪ್ಪುನೀರು ನಿಲ್ಲುವುದೇ ಅಲ್ಲಿ. ಪಂಜರ ಹೋದ ಕಾರಿನ ದುರಸ್ತಿ ಎಷ್ಟೋ ಸಲ ಕಾರಿನ ಬೆಲೆಯನ್ನೇ ಮೀರುತ್ತದೆ. ನೋಡಲು ಬಿಡದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಟುಬಿಡಿ.

ಇನ್ನು ಅಂಕಿಗಳು. ಕಾರಿನ ಜೊತೆಗೇ ಹುಟ್ಟಿದ ಎಂಜಿನ್ ಇದ್ದರೆ ಅದನ್ನು ನಂಬರ್ ಮ್ಯಾಚಿಂಗ್ ಎನ್ನುತ್ತಾರೆ. ಅರುವತ್ತರ ದಶಕದ ಕಾರುಗಳಲ್ಲಿ ಈ ಒಂದೇ ಸಂಗತಿ ಬೆಲೆಯನ್ನು ಹತ್ತಾರು ಸಾವಿರ ಡಾಲರ್ ಏರಿಳಿಸುತ್ತದೆ. ಎಂಜಿನ್ನಿನ ಬಲಬದಿಯ ಸಿಲಿಂಡರ್ ಹೆಡ್‌ನ ಮುಂದೆ ಬೆರಳಗಲದ ಸಪಾಟು ಜಾಗವಿದೆ. ಕಾರಿನ ಕ್ರಮಸಂಖ್ಯೆಯ ಕೊನೆಯ ಅಂಕಿಗಳು, ಎಂಜಿನ್ ಜೋಡಿಸಿದ ಕಾರ್ಖಾನೆ ಮತ್ತು ದಿನಾಂಕ ಅಲ್ಲಿ ಒತ್ತಿರುತ್ತವೆ. ದೊಡ್ಡ ಬ್ಲಾಕಿನ, ಅಂದರೆ 427, 454 ಘನ ಇಂಚಿನ ದೊಡ್ಡ ಗಾತ್ರದ ಎಂಜಿನ್‌ಗಳು ನ್ಯೂಯಾರ್ಕ್ ರಾಜ್ಯದ ಟೊನಾವಾಂಡಾದಲ್ಲಿ ತಯಾರಾದವು, ಅವುಗಳ ಗುರುತು ಟಿ ಅಕ್ಷರ. ಬಟ್ಟೆಯಿಂದ ಜಿಡ್ಡು ಒರೆಸಿ, ಕೆರೆಯದೆ, ಓರೆಯಾಗಿ ಬೆಳಕು ಬಿಟ್ಟರೆ ಕಾರ್ಖಾನೆಯ ಯಂತ್ರ ಬಿಟ್ಟ ನವಿರಾದ ಸಮಾಂತರ ಗೆರೆಗಳು ಕಾಣಬೇಕು. ಗೆರೆಗಳಿಲ್ಲದ ನುಣ್ಣನೆಯ ಜಾಗದ ಮೇಲೆ ಅಚ್ಚುಕಟ್ಟಾದ ಅಂಕಿಗಳಿದ್ದರೆ ಯಾರೋ ಉಜ್ಜಿ ಮತ್ತೆ ಒತ್ತಿರಬಹುದು. ಬ್ಲಾಕ್ ಎರಕ ಹೊಯ್ದ ದಿನಾಂಕ ಕಾರು ತಯಾರಾದ ದಿನಕ್ಕಿಂತ ಹಿಂದಿನದಾಗಿರಲೇಬೇಕು. ಇದನ್ನು ಮರೆತ ನಕಲಿಗಳೂ ಸಂತೆಯಲ್ಲಿವೆ.

1972ಕ್ಕಿಂತ ಹಿಂದಿನ ಕಾರುಗಳ ಕ್ರಮಸಂಖ್ಯೆಯಲ್ಲಿ ಯಾವ ಎಂಜಿನ್ ಇತ್ತು ಎಂಬ ಮಾಹಿತಿಯೇ ಇಲ್ಲ. ಅದಕ್ಕೇ ಹಳೆಯ ಕಾಗದಗಳಿಗೆ ಅಷ್ಟು ಬೆಲೆ. 1967ರಿಂದ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸುತ್ತಿದ್ದ ಚೀಟಿ, ವಾರಂಟಿ ಪುಸ್ತಕದೊಳಗಿನ ಪ್ರೊಟೆಕ್ಟ್-ಓ-ಪ್ಲೇಟ್ ಎಂಬ ಪುಟ್ಟ ಲೋಹದ ತಗಡು, ಮೊದಲ ಮಾಲೀಕನ ರಸೀದಿ, ಇವುಗಳಲ್ಲಿ ಒಂದಿದ್ದರೂ ಭಾಗ್ಯ. ಎಪ್ಪತ್ತೈದರ ನಂತರದ ಸಾಧಾರಣ ಎಂಜಿನ್ನಿನ ಕಾರಿಗೆ ಮಾತ್ರ ಇಷ್ಟೊಂದು ಪತ್ತೇದಾರಿಕೆ ಬೇಡ.

1953–62: ಕಣ್ಣಿಗೆ ಹಬ್ಬ, ಸೊಂಟಕ್ಕೆ ಶಿಕ್ಷೆ

ಮೊದಲ ವರ್ಷ ಬಂದದ್ದು 300 ಕಾರು, ಎಲ್ಲವೂ ಬಿಳಿ ಮೈ, ಕೆಂಪು ಒಳಾಂಗಣ, ಆರು ಸಿಲಿಂಡರಿನ 150 ಅಶ್ವಶಕ್ತಿಯ ಎಂಜಿನ್, ಎರಡೇ ಗೇರಿನ ಆಟೊಮ್ಯಾಟಿಕ್. ಹೊರಗಿನಿಂದ ಬಾಗಿಲು ತೆರೆಯಲು ಹಿಡಿಯೂ ಇರಲಿಲ್ಲ. ಅವು ಮ್ಯೂಸಿಯಮ್ಮಿಗೆ, ನಮಗಲ್ಲ. ಓಡಿಸಲು ಈ ತಲೆಮಾರೇ ಬೇಕೆಂದರೆ 1962ರದನ್ನು ನೋಡಿ. 327 ಘನ ಇಂಚಿನ ವಿ8 ಎಂಜಿನ್ ಆ ವರ್ಷ ಬಂತು. ಮುಚ್ಚಳ ತೆರೆಯುವ ನಿಜವಾದ ಡಿಕ್ಕಿಯೂ ಇದೆ. ಆಮೇಲೆ ಕಾರ್ವೆಟ್ಟಿಗೆ ಅಂಥ ಡಿಕ್ಕಿ ಮರಳಿ ಬಂದದ್ದು 1998ರ ಕನ್ವರ್ಟಿಬಲ್‌ನಲ್ಲಿ, ಅಂದರೆ ಛಾವಣಿ ಮಡಚುವ ಕಾರಿನಲ್ಲಿ. ಡ್ರಮ್ ಬ್ರೇಕ್, ಹಿಂದೆ ಒಂದೇ ಗಟ್ಟಿ ಆಕ್ಸಲ್, ಎದೆಗೆ ತಾಗುವಷ್ಟು ಹತ್ತಿರದ ದೊಡ್ಡ ಸ್ಟೀರಿಂಗ್. ಎತ್ತರದವರಿಗೆ ಆಗಿಬರುವುದಿಲ್ಲ. ಸಾಧಾರಣ ಸ್ಥಿತಿಯದಕ್ಕೇ ಐವತ್ತು ಸಾವಿರ ಡಾಲರಿನ ಆಸುಪಾಸು ಕೊಡಬೇಕಾಗುತ್ತದೆ.

1963–67: ಎಲ್ಲರೂ ಕನಸುವ ಸ್ಟಿಂಗ್ ರೇ

ಈ ಐದು ವರ್ಷಗಳ ಕಾರೇ ಹೆಚ್ಚಿನವರ ಮನಸ್ಸಿನಲ್ಲಿರುವ ಕಾರ್ವೆಟ್. ಬಿಲ್ ಮಿಚೆಲ್ ಅವರ ವಿನ್ಯಾಸ ವಿಭಾಗದಲ್ಲಿ ಲ್ಯಾರಿ ಶಿನೋಡಾ ಕೈಯಲ್ಲಿ ರೂಪ ತಳೆದ ಚೂಪು ಅಂಚುಗಳು, ತಿರುಗಿ ಅಡಗಿಕೊಳ್ಳುವ ಹೆಡ್‌ಲೈಟ್‌ಗಳು, ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್ ಕೊಟ್ಟ ಸ್ವತಂತ್ರ ಹಿಂದಿನ ಸಸ್ಪೆನ್ಷನ್. 1962ರ ಕಾರನ್ನು ಓಡಿಸಿ ಇದಕ್ಕೆ ಹತ್ತಿದರೆ, ಹಾಳು ರಸ್ತೆಯ ತಿರುವಿನಲ್ಲೂ ಹಿಂದಿನ ಚಕ್ರ ನೆಲ ಬಿಡದಿರುವುದು ತಕ್ಷಣ ತಿಳಿಯುತ್ತದೆ.

1963ರ ಕೂಪೆಯ, ಅಂದರೆ ಗಟ್ಟಿ ಛಾವಣಿಯ ಕಾರಿನ, ಹಿಂಗಾಜು ನಡುವೆ ಒಂದು ಪಟ್ಟಿಯಿಂದ ಎರಡಾಗಿ ಸೀಳಿದೆ. ಹಿಂದಿನದು ಕಾಣುವುದಿಲ್ಲ ಎಂದು ಡಂಟೋವ್ ಜಗಳವಾಡಿದರು, ಮಿಚೆಲ್ ಹಟ ಹಿಡಿದರು. 1964ಕ್ಕೆ ಪಟ್ಟಿ ಮಾಯವಾಯಿತು. ಆಗ ಎಷ್ಟೋ ಮಾಲೀಕರು ತಮ್ಮ 63ರ ಕಾರಿನ ಪಟ್ಟಿಯನ್ನು ಕತ್ತರಿಸಿ ಹೊಸ ಗಾಜು ಕೂರಿಸಿಕೊಂಡರು! ಇಂದು ಅದೇ ಪಟ್ಟಿಗಾಗಿ ಜನ ಲಕ್ಷ ಡಾಲರ್ ದಾಟಿ ಕೊಡುತ್ತಾರೆ. ಅಂಥ ಕೂಪೆಗಳು ಬಂದದ್ದು 10,594. ಅಪರೂಪವೆನ್ನುವಷ್ಟು ಕಡಿಮೆಯೇನಲ್ಲ, ಆದರೆ ಬೇಡಿಕೆ ಅದಕ್ಕಿಂತ ದೊಡ್ಡದು. ಕೊಳ್ಳುವವರು ಪಟ್ಟಿ ಅಸಲೋ ಮತ್ತೆ ಕೂರಿಸಿದ್ದೋ ಎಂದು ಒಳಗಿನಿಂದಲೂ ನೋಡಬೇಕು.

ಓಡಿಸುವ ದೃಷ್ಟಿಯಿಂದ 1965 ಗಡಿರೇಖೆ. ಆ ವರ್ಷ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂತು. ಈ ಬ್ರೇಕಿಗೂ ಒಂದು ರೋಗವಿದೆ. ಕಾರು ನಿಂತೇ ಇದ್ದರೆ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಒಳಗೆ ತುಕ್ಕಿನ ಗುಳಿ ಬಿದ್ದು ಎಣ್ಣೆ ಸೋರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಒಳಗವಚ ಹಾಕಿಸಿದ ಕ್ಯಾಲಿಪರ್‌ಗಳ ರಸೀದಿ ಇದ್ದರೆ ಆ ಚಿಂತೆ ತೀರಿತು. ಹಿಂದಿನ ಚಕ್ರಗಳ ಬೇರಿಂಗ್ ಕೆಲಸಕ್ಕೆ ವಿಶೇಷ ಸಲಕರಣೆ ಬೇಕು, ಬೀದಿಬದಿಯ ಗ್ಯಾರೇಜು ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಎಂಜಿನ್ ಯಾವುದು? 1966ರಲ್ಲಿ 427 ಬಂತು. 1967ರಲ್ಲಿ ಮೂರು ಕಾರ್ಬ್ಯುರೇಟರಿನ 435 ಅಶ್ವಶಕ್ತಿಯದು ಬಂತು, ರೇಸಿಗೆಂದೇ ಮಾಡಿದ ಎಲ್88 ಎಂಜಿನ್ ಕೇವಲ 20 ಕಾರುಗಳಲ್ಲಿ ಬಂತು. ಅವುಗಳಲ್ಲೊಂದು 2014ರ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು. ನಕಲಿಗಳು ಹುಟ್ಟುವುದೂ ಇಂಥ ಸುದ್ದಿಯಿಂದಲೇ. ದೊಡ್ಡ ಎಂಜಿನ್ ಮೂತಿಯ ಮೇಲೆ ಭಾರ ಹೇರುತ್ತದೆ, ಟ್ರಾಫಿಕ್ಕಿನಲ್ಲಿ ಬೇಗ ಬಿಸಿಯಾಗುತ್ತದೆ, ಪೆಟ್ರೋಲನ್ನು ಲೆಕ್ಕವಿಲ್ಲದೆ ಕುಡಿಯುತ್ತದೆ. ಓಡಿಸುವವರಿಗೆ ನನ್ನ ಆಯ್ಕೆ 1965 ಅಥವಾ 66ರ ಕಾರು, 327 ಎಂಜಿನ್, 300 ಅಥವಾ 350 ಅಶ್ವಶಕ್ತಿ, ನಾಲ್ಕು ಗೇರು. ಇಡೀ ಹಳೆಯ ಕಾರ್ವೆಟ್ ವಂಶದಲ್ಲಿ ಇದಕ್ಕಿಂತ ಸಮತೂಕದ ಕಾರು ನನಗೆ ಕಂಡಿಲ್ಲ. ಬೆಲೆ ಸ್ಥೂಲವಾಗಿ ಐವತ್ತರಿಂದ ಎಂಬತ್ತು ಸಾವಿರ ಡಾಲರ್. ಮೂಲ ಎಂಜಿನ್ ಇಲ್ಲದಿದ್ದರೆ ಅದರ ಕೆಳತುದಿ. ಮಾರುವ ಯೋಚನೆಯೇ ಇಲ್ಲದವರಿಗೆ ಮೂಲ ಎಂಜಿನ್ ಇಲ್ಲದ, ಆದರೆ ಪಂಜರ ಗಟ್ಟಿಯಿರುವ ಕಾರು ಒಳ್ಳೆಯ ವ್ಯಾಪಾರ.

1968–72: ಅದೇ ಎಲುಬು, ಬೇರೆ ಅಂಗಿ

ಹೊಸ ದೇಹದ ಕೆಳಗೆ ಚಾಸಿ, ಸಸ್ಪೆನ್ಷನ್, ಬ್ರೇಕ್ ಎಲ್ಲವೂ ಬಹುಮಟ್ಟಿಗೆ ಹಿಂದಿನ ಸ್ಟಿಂಗ್ ರೇಯದೇ. ಸೊಂಟ ಸಣ್ಣಗಾಗಿ ಮುಂದೆ ಹಿಂದೆ ಉಬ್ಬಿದ ಆಕಾರ, ಎರಡೂ ತುದಿಗೆ ಕ್ರೋಮ್ ಬಂಪರ್, ಕೂಪೆಯಲ್ಲಿ ಬಿಚ್ಚಿಡಬಹುದಾದ ಎರಡು ಛಾವಣಿ ಹಲಗೆಗಳು. 1972ರವರೆಗೆ ಹಿಂಗಾಜನ್ನೂ ತೆಗೆದಿಡಬಹುದಿತ್ತು. ಬೆಲೆ ಹಿಂದಿನ ತಲೆಮಾರಿನ ಅರ್ಧದ ಆಸುಪಾಸು, ಸಣ್ಣ ಎಂಜಿನ್ನಿನದಾದರೆ ಇಪ್ಪತ್ತೈದರಿಂದ ನಲವತ್ತೈದು ಸಾವಿರ ಡಾಲರ್.

ಯಂತ್ರ ಅದೇ, ಬೆಲೆ ಅರ್ಧ. ಮಧ್ಯಮ ಬಜೆಟ್ಟಿನವರಿಗೆ ನಾನು ಇದನ್ನೇ ಮೊದಲು ಹೇಳುವುದು ಈ ಕಾರಣಕ್ಕೆ. ಕೊರತೆಗಳಿಲ್ಲವೆಂದಲ್ಲ. ಬೇಸಿಗೆಯಲ್ಲಿ ಕಾಲ ಬಳಿ ಎಂಜಿನ್ನಿನ ಕಾವು ಅಡುಗೆಮನೆಯಂತೆ ಅಡರುತ್ತದೆ. ಡಿಕ್ಕಿಗೆ ಹೊರಗಿನಿಂದ ಬಾಗಿಲಿಲ್ಲ, ಪೆಟ್ಟಿಗೆಯನ್ನು ಸೀಟಿನ ಹಿಂದಿನಿಂದ ತುರುಕಬೇಕು. ಹೆಡ್‌ಲೈಟ್ ಏಳುವುದು, ವೈಪರಿನ ಮುಚ್ಚಳ ತೆರೆಯುವುದು ಎಲ್ಲ ಎಂಜಿನ್ನಿನ ನಿರ್ವಾತದ ಬಲದಿಂದ. ಎಲ್ಲೋ ಒಂದು ರಬ್ಬರ್ ಕೊಳವೆ ಬಿರಿದರೆ ಒಂದು ಕಣ್ಣು ತೆರೆದು ಇನ್ನೊಂದು ಮುಚ್ಚಿಕೊಂಡ ಕಾರಿನಲ್ಲಿ ರಾತ್ರಿ ಮನೆಗೆ ಬರಬೇಕಾಗುತ್ತದೆ. ಮಾರುವವರ ಮುಂದೆಯೇ ದೀಪಗಳನ್ನು ಐದಾರು ಸಲ ಏರಿಳಿಸಿ ನೋಡಿ.

ವರ್ಷಗಳಲ್ಲಿ 1968ಕ್ಕೆ ಮೊದಲ ವರ್ಷದ ಜೋಡಣೆಯ ಕುಂದುಗಳಿವೆ. 1970ರಲ್ಲಿ ತಯಾರಾದದ್ದು 17,316 ಮಾತ್ರ. ಆ ವರ್ಷದ ಎಲ್‌ಟಿ-1 ಸಣ್ಣ ಬ್ಲಾಕಿನಲ್ಲಿ 370 ಅಶ್ವಶಕ್ತಿ ಕೊಟ್ಟ ಎಂಜಿನ್, ಸಂಗ್ರಾಹಕರು ಹುಡುಕುವುದು ಅದನ್ನೇ. ಸಾಮಾನ್ಯ ಓದುಗರಿಗೆ 1971 ಅಥವಾ 72 ಸಾಕು. 72ರ ಎಂಜಿನ್ 200 ಅಶ್ವಶಕ್ತಿ ಎಂದು ಓದಿ, 71ರದು 270 ಇತ್ತಲ್ಲ ಎಂದು ಮುಖ ಸಣ್ಣದು ಮಾಡಬೇಡಿ. 1972ರಲ್ಲಿ ಅಳೆಯುವ ರೀತಿಯೇ ಬದಲಾಯಿತು. ಅದಕ್ಕೂ ಮುಂಚೆ ಬರಿಯ ಎಂಜಿನ್ನನ್ನು ಬೆಂಚಿನ ಮೇಲಿಟ್ಟು ಅಳೆಯುತ್ತಿದ್ದರು, ಆಮೇಲೆ ಸೈಲೆನ್ಸರ್, ಫ್ಯಾನು, ಆಲ್ಟರ್ನೇಟರ್ ಎಲ್ಲ ಜೋಡಿಸಿ ಅಳೆದರು. ಎಂಜಿನ್ ಹೆಚ್ಚುಕಡಿಮೆ ಅದೇ. ಅಂಕಿ ನೋಡಿ ಹಿಂಜರಿಯುವವರಿಂದಾಗಿ 72ರ ಕಾರು ಕೆಲವೊಮ್ಮೆ ತುಸು ಅಗ್ಗಕ್ಕೂ ಸಿಗುತ್ತದೆ.

1973–82: ಬಡವರ ಕಾರ್ವೆಟ್ ಎಂದು ನಗುವವರಿದ್ದಾರೆ

1973ರಲ್ಲಿ ಸುರಕ್ಷತೆಯ ನಿಯಮಕ್ಕಾಗಿ ಮುಂದೆ ಪ್ಲಾಸ್ಟಿಕ್ ಮೂತಿ ಬಂತು, 74ರಲ್ಲಿ ಹಿಂದೆಯೂ. 1975ರಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದು ಸಾಮಾನ್ಯ ಎಂಜಿನ್ 165 ಅಶ್ವಶಕ್ತಿಗೆ ಇಳಿಯಿತು. ಆ ವರ್ಷದ ನಂತರ ಕನ್ವರ್ಟಿಬಲ್ ನಿಂತೇ ಹೋಯಿತು. 1980ರ ಕಾರಿನ ವೇಗದ ಮೀಟರಿನಲ್ಲಿ ಗಂಟೆಗೆ 85 ಮೈಲಿಯಾಚೆ ಅಂಕಿಯೇ ಇಲ್ಲ. ಇಷ್ಟಾಗಿಯೂ ಜನ ಮುಗಿಬಿದ್ದು ಕೊಂಡರು. 1979ರಲ್ಲಿ 53,807 ಕಾರು ತಯಾರಾದವು, ಇಂದಿಗೂ ಅದೇ ದಾಖಲೆ.

ಬಹಳ ತಯಾರಾದದ್ದರಿಂದಲೇ ಜೋಪಾನವಾಗಿ ಉಳಿದ ಅಸಲು ಕಾರುಗಳು ಈ ಗುಂಪಿನಲ್ಲಿ ಧಾರಾಳ. ಹತ್ತರಿಂದ ಇಪ್ಪತ್ತೈದು ಸಾವಿರ ಡಾಲರಿಗೆ, ಒಬ್ಬನೇ ಮಾಲೀಕನ ಕೈಯಲ್ಲಿದ್ದ, ಪುಸ್ತಕ ಕೀಲಿ ಎಲ್ಲ ಇರುವ ಕಾರು ಸಿಗಬಹುದು. ವೇಗಕ್ಕೆ ಹಂಬಲಿಸದೆ ಎಸಿ ಹಾಕಿಕೊಂಡು ಹಾಡು ಕೇಳುತ್ತ ಹೋಗುವವರಿಗೆ 1978–79ರ ದೊಡ್ಡ ಹಿಂಗಾಜಿನ ಕಾರು ಹಿತ. 1974ರದೂ ಒಂದು ಜಾಣ ಆಯ್ಕೆ. 454 ಎಂಜಿನ್ ಸಿಕ್ಕ ಕೊನೆಯ ವರ್ಷ ಅದು, ಕನ್ವರ್ಟರ್ ಇನ್ನೂ ಬಂದಿರಲಿಲ್ಲ. 1978ರ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಉಳಿದ ಕಾರುಗಳ ಮುಂದೆ ಓಡಿದ ಪೇಸ್ ಕಾರಿನ ನೆನಪಿಗೆ ಮಾಡಿದ ಕಪ್ಪು-ಬೆಳ್ಳಿ ಕಾರುಗಳು 6,502 ಇವೆ. ಹೂಡಿಕೆಯೆಂದು ಅಂದು ಮುಚ್ಚಿಟ್ಟವರು ಬಹಳ, ಹಾಗಾಗಿ ಕಡಿಮೆ ಓಡಿದವು ಇಂದಿಗೂ ಸುಲಭವಾಗಿ ಸಿಗುತ್ತವೆ. ಕಡಿಮೆ ಓಡಿದೆ ಎಂದಷ್ಟಕ್ಕೇ ಹೆಚ್ಚು ಕೊಡಬೇಡಿ.

1982ರದು ಆಟೊಮ್ಯಾಟಿಕ್ ಮಾತ್ರ, ಇಂಧನ ಚಿಮ್ಮಿಸುವ ಆರಂಭಕಾಲದ ಇಂಜೆಕ್ಷನ್ ವ್ಯವಸ್ಥೆಗೆ ತಿಳಿದ ಮೆಕ್ಯಾನಿಕ್ ಬೇಕು. ಈ ಗುಂಪಿನ ದೊಡ್ಡ ಬಲೆ ಬೇರೆಯೇ ಇದೆ. ಕಾರು ಅಗ್ಗವಾದರೂ ದುರಸ್ತಿ ಅಗ್ಗವಲ್ಲ. ಫೈಬರ್ ದೇಹಕ್ಕೆ ಹತ್ತು ಸಾವಿರ ಡಾಲರಿನೊಳಗೆ ಒಳ್ಳೆಯ ಬಣ್ಣ ಹೊಡೆಸುವುದು ಕಷ್ಟ. ಹನ್ನೆರಡು ಸಾವಿರಕ್ಕೆ ಕೊಂಡ ಕಾರಿಗೆ ಬಣ್ಣವನ್ನೂ ಸೀಟನ್ನೂ ಮಾಡಿಸಿದರೆ ಹಾಕಿದ ಹಣ ಎಂದೂ ಹಿಂತಿರುಗುವುದಿಲ್ಲ. ಇಲ್ಲಿ ಕೊಳ್ಳುವುದಾದರೆ ಯಾರೋ ಬೇರೆಯವರು ಆಗಲೇ ಕೈಸುಟ್ಟುಕೊಂಡು ಪೂರ್ತಿ ಮಾಡಿಸಿದ್ದನ್ನು ಕೊಳ್ಳಿ.

1984–96: ದಿನವೂ ಓಡಿಸುವವರಿಗೆ

1983ಕ್ಕೆ ಮಾರಾಟದ ಕಾರ್ವೆಟ್ಟೇ ಇಲ್ಲ. ಪರೀಕ್ಷೆಗೆಂದು ಮಾಡಿದವುಗಳಲ್ಲಿ ಉಳಿದ ಒಂದು ಕೆಂಟಕಿಯ ಬೌಲಿಂಗ್ ಗ್ರೀನ್‌ನ ಮ್ಯೂಸಿಯಮ್ಮಿನಲ್ಲಿದೆ. 1984ರದು ಗಡಸು ಸಸ್ಪೆನ್ಷನ್ನಿಗೆ ಕುಖ್ಯಾತ, ಅಗ್ಗವಾಗಿ ಸಿಕ್ಕರೂ ಬೇಡ ಎನ್ನುತ್ತೇನೆ. 1986ರಲ್ಲಿ ಎಬಿಎಸ್ ಬಂತು, ಕನ್ವರ್ಟಿಬಲ್ ಮರಳಿತು. 1989ರಲ್ಲಿ ಆರು ಗೇರು, 1992ರಲ್ಲಿ 300 ಅಶ್ವಶಕ್ತಿಯ ಎಲ್‌ಟಿ1. ಈ ಎಲ್‌ಟಿ1 ಎಂಜಿನ್ನಿನ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೀರಿನ ಪಂಪಿನ ಕೆಳಗೇ ಕುಳಿತಿದೆ, ಪಂಪು ಸೋರಿದರೆ ಅದೂ ಹೋಯಿತು. ಎರಡನ್ನೂ ಒಟ್ಟಿಗೆ ಬದಲಿಸಿದ ರಸೀದಿ ಕೇಳಿ. ಬಾಗಿಲಿನ ಹೊಸ್ತಿಲು ಎಷ್ಟು ಎತ್ತರ ಮತ್ತು ಅಗಲವೆಂದರೆ ಸೀರೆ ಉಟ್ಟವರು ಹತ್ತಿ ಇಳಿಯುವುದು ಸರ್ಕಸ್ಸೇ ಸರಿ.

1990ರಿಂದ 95ರವರೆಗಿನ ಜೆಡ್‌ಆರ್-1 ಎಂಬ ವಿಶೇಷ ಮಾದರಿಯ ಎಂಜಿನ್ನನ್ನು ಇಂಗ್ಲೆಂಡಿನ ಲೋಟಸ್ ವಿನ್ಯಾಸಗೊಳಿಸಿತು, ಓಕ್ಲಹೋಮದಲ್ಲಿ ದೋಣಿ ಎಂಜಿನ್ ತಯಾರಕರಾದ ಮರ್ಕ್ಯುರಿ ಮರೀನ್ ಜೋಡಿಸಿತು. ಒಟ್ಟು 6,939 ಕಾರು. ಅದ್ಭುತ ಯಂತ್ರ, ಆದರೆ ಅದರ ಬಿಡಿಭಾಗ ಹುಡುಕುವುದು ಬೇರೆಯೇ ಹವ್ಯಾಸ. ಮಿಕ್ಕ ಕಾರುಗಳು ಹತ್ತು-ಹದಿನೈದು ಸಾವಿರ ಡಾಲರಿಗೆ ಇಂದಿಗೂ ಸಿಗುತ್ತವೆ.

ಯಾರಿಗೆ ಯಾವುದು

ಹದಿನೈದು ಸಾವಿರ ಡಾಲರ್, ಆಗಾಗ ಆಫೀಸಿಗೂ ಒಯ್ಯುವ ಆಸೆ: 1992–96ರ ಕಾರು. ಇಪ್ಪತ್ತು ಸಾವಿರ, ಹಳೆಯ ಕಾರಿನ ವಾಸನೆ ಸದ್ದು ಬೇಕು, ವೇಗ ಬೇಡ: ಎಲ್ಲ ಕಾಗದವೂ ಇರುವ 1978 ಅಥವಾ 79. ಮೂವತ್ತೈದು ಸಾವಿರವಿದ್ದು ಒಂದೇ ಕಾರು ಕೊನೆಯತನಕ ಇಟ್ಟುಕೊಳ್ಳುವವರಿಗೆ 1971–72ರ 350 ಎಂಜಿನ್, ನಾಲ್ಕು ಗೇರಿನದು. ಎಪ್ಪತ್ತು ಸಾವಿರ ಮೀಸಲಿಟ್ಟವರು 1965–66 ಹುಡುಕಲಿ, ಸಿಗುವವರೆಗೆ ಕಾಯಲಿ. ಅದಕ್ಕೂ ಮೇಲೆ ಹೋಗುವವರು ತಜ್ಞರೊಬ್ಬರಿಗೆ ಐನೂರು-ಸಾವಿರ ಡಾಲರ್ ಕೊಟ್ಟು ಅಂಕಿಗಳನ್ನು ಪರೀಕ್ಷಿಸದೆ ಚೆಕ್ ಬರೆಯಬಾರದು.

ಎಪ್ಪತ್ತು ಸಾವಿರದ ಕನಸಿಟ್ಟುಕೊಂಡು ನಲವತ್ತು ಸಾವಿರದ 1964ರ ಕಾರಿನ ಮುಂದೆ ನಿಂತವರಿಗೇ ನನ್ನ ಮಾತು ಹೆಚ್ಚು ಬೇಕು. ಆ ಬೆಲೆಗೆ ಅದು ಬಂದಿರುವುದಕ್ಕೆ ಕಾರಣ ಇದ್ದೇ ಇರುತ್ತದೆ, ಬಹುಪಾಲು ಅದು ಗಾಜಿನ ಕೆಳಮೂಲೆಯಲ್ಲಿ ಇರುತ್ತದೆ. ಅದೇ ಹಣಕ್ಕೆ ಮೇಲ್ದರ್ಜೆಯ 1972 ನಿಮ್ಮದಾಗುತ್ತದೆ, ಡಿಸ್ಕ್ ಬ್ರೇಕ್ ಸಮೇತ.

ಬೆಂಗಳೂರಿಗೆ ಒಯ್ಯಬಹುದೇ ಎಂದು ಕೇಳುವವರೂ ಇದ್ದಾರೆ. ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ಶುಲ್ಕ 20,000 ರೂಪಾಯಿ, ಫಲಕದಲ್ಲಿ ವಿಎ ಅಕ್ಷರಗಳು ಬರುತ್ತವೆ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗೆ ಹೊರತು ದಿನನಿತ್ಯ ಓಡಿಸುವಂತಿಲ್ಲ. ಸಾಗಣೆ ಮತ್ತು ಸುಂಕ ಸೇರಿದರೆ ಕಾರಿನ ಬೆಲೆಯನ್ನೇ ಮೀರಬಹುದು. ಎಡಗಡೆ ಸ್ಟೀರಿಂಗ್ ಇಟ್ಟುಕೊಂಡು ನಮ್ಮ ರಸ್ತೆಯಲ್ಲಿ ಲಾರಿ ಹಿಂದಿಕ್ಕುವುದನ್ನು ಊಹಿಸಿಕೊಳ್ಳಿ. ಇಲ್ಲಿನ ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್, ಹಳೆಯ ರಬ್ಬರ್ ಕೊಳವೆಗಳು ಅದನ್ನು ತಡೆಯುವುದಿಲ್ಲ. ನನ್ನ ಸಲಹೆ: ಅಲ್ಲೇ ಓಡಿಸಿ, ಅಲ್ಲೇ ಮಾರಿ ಬನ್ನಿ.

ಕೊಳ್ಳುವ ದಿನ ಮಾಲೀಕತ್ವದ ದಾಖಲೆಯಾದ ಟೈಟಲ್ ಪತ್ರದ ಕ್ರಮಸಂಖ್ಯೆಯನ್ನು ಕಾರಿನ ಮೇಲಿನದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. 1968ರಿಂದ ಅದು ಮುಂದಿನ ಗಾಜಿನ ಮೂಲಕವೇ ಕಾಣುತ್ತದೆ, ಸ್ಟಿಂಗ್ ರೇಯಲ್ಲಾದರೆ ಗ್ಲೋವ್ ಬಾಕ್ಸಿನ ಕೆಳಗೆ ಬಗ್ಗಿ ನೋಡಬೇಕು. ವಿಮೆಯನ್ನು ಸಾಮಾನ್ಯ ಪಾಲಿಸಿಗೆ ಸೇರಿಸಬೇಡಿ. ಹಳೆಯ ಕಾರುಗಳಿಗೆಂದೇ ಇರುವ, ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳುವ ವಿಮೆ ಮಾಡಿಸಿ. ಅದರಲ್ಲಿ ವರ್ಷಕ್ಕೆ ಇಷ್ಟೇ ಮೈಲಿ ಎಂಬ ಮಿತಿಯಿದ್ದರೆ, ಬೇಸಿಗೆಯ ಪ್ರವಾಸಕ್ಕೆ ಅದು ಸಾಲುತ್ತದೆಯೇ ಎಂದು ಕೇಳಿಕೊಂಡೇ ಸಹಿ ಹಾಕಿ.